ಊದುಗೊಳವೆಯ ಒಡಪು

೮ ಸೆಪ್ಟೆಂಬರ್ ೧೯೩೭, ಬುಧವಾರ, ಗಡಹಿಂಗ್ಲಜ

ಜಿನಮತಿ ನನ್ನೊಂದಿಗೆ ಮಾತು ಬಿಟ್ಟು ಇಂದಿಗೆ ಹದಿನೇಳು ದಿನ. ಮನೆ ಶಾಂತವಾಗಿದೆ. ಬೇಕಾದಷ್ಟು ಓದಬಹುದು, ಬೇಕಾದಷ್ಟು ಬರೆಯಬಹುದು. ಒಬ್ಬ ಕನ್ನಡ ಮಾಸ್ತರನಿಗೆ ಇಷ್ಟು ಸುಖ ಒಳ್ಳೆಯದಲ್ಲವೆಂದು ಆಗಾಗ ಅನ್ನಿಸುತ್ತದೆ.

ಕಾರಣ ಬರೆದಿಡುತ್ತೇನೆ, ಮುಂದೆ ನ್ಯಾಯ ಹೇಳುವವನೂ ನಾನೇ. ಕಳೆದ ತಿಂಗಳು ಇಪ್ಪತ್ತೆರಡಕ್ಕೆ ಇಚಲಕರಂಜಿಯಲ್ಲಿ ಅವಳ ತಂಗಿ ರತ್ನಮಾಲಾಳ ಮಗುವನ್ನು ತೊಟ್ಟಿಲಿಗೆ ಹಾಕಿದರು. ಹೆಂಗಸರೆಲ್ಲ ಒಡಪು ಕಟ್ಟಿ ತಮ್ಮ ತಮ್ಮ ಗಂಡಂದಿರ ಹೆಸರು ಹೇಳಿದರು. ಬರಿದೇ ಹೆಸರು ಹೇಳುವಂತಿಲ್ಲ, ಪ್ರಾಸದಲ್ಲಿ ಸುತ್ತಿ ಕೊಡಬೇಕು. ಆಮೇಲೆ ಯಾರೋ, "ಮಾಸ್ತರ್ರೂ ಹೆಂಡ್ತಿ ಹೆಸರ ಹೇಳ್ಲಿ" ಎಂದರು. ಪ್ರಾಸ ಕಂಡರೆ ನಾನು ಬೆಲ್ಲ ಕಂಡ ಇರುವೆ. ನಿಂತ ಕಾಲಲ್ಲೇ ಹೇಳಿದೆ:

ಇಚಲಕರಂಜಿ ಮಗ್ಗಕ ಸಂಜಿಗರೇ ರಜಾ,
ಜಿನಮತಿ ಎದಿಯ ಮಗ್ಗಕ ರಾತ್ರೆಲ್ಲಾ ಮಜಾ.

ಜಿನಮತಿಗೆ ಉಬ್ಬಸವಿದೆ. ಮೋಡ ಕವಿದರೆ ಎದೆ ಸುಂಯ್‌ಗುಡುತ್ತದೆ. ಕೂಡಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು; ಅವಳು ನಗಲಿಲ್ಲ. ಇಪ್ಪತ್ತೆರಡು ವರ್ಷದ ಸಂಸಾರ, ಮನೆಯಲ್ಲಿ ಇರುವವರು ನಾವಿಬ್ಬರೇ, ಆದರೂ ಕಾವ್ಯಗುಣ ಅವಳಿಗೆ ಹತ್ತಲಿಲ್ಲ. ಎರಡೂ ಸಾಲಿಗೆ ಇಪ್ಪತ್ತಿಪ್ಪತ್ತು ಮಾತ್ರೆ. ತೂಕದಲ್ಲಿ ತಪ್ಪಿದ್ದರೆ ತೋರಿಸಲಿ.

ಈಗ ಹೇಳಲೇಬೇಕಾದ ಮಾತನ್ನು ಅವಳು ಪಡಸಾಲೆಯ ಕಂಬಕ್ಕೆ ಹೇಳುತ್ತಾಳೆ. ಬೆಳಿಗ್ಗೆ "ಕಂಬಾ, ರೊಟ್ಟಿ ಆರಾಕತ್ತಾವ" ಎಂದಳು. ಕಂಬ ಏಳಲಿಲ್ಲ. ನಾನೇ ಹೋಗಿ ಉಂಡೆ.

೯ ಸೆಪ್ಟೆಂಬರ್, ಗುರುವಾರ

ಮಧ್ಯಾಹ್ನ ಕಡಲದಂಡೆಯ ವೆಂಗುರ್ಲೆಯಿಂದ ಬರುವ ಮೋಟಾರಿನಿಂದ ನನ್ನ ಮೈದುನ, ಜಿನಮತಿಯ ತಮ್ಮ ಅಭಯಕುಮಾರ ಇಳಿದ. ಮುಂಬಯಿಯಲ್ಲಿ ಬಿ.ಎಸ್ಸಿ. ಮಾಡಿಕೊಂಡು ಬಂದ ಹುಡುಗ. ಕೊಲ್ಲಾಪುರದ ಒಂದು ಕಾಲೇಜಿನಲ್ಲಿ ನೌಕರಿ ಕೇಳಿದ್ದಾನೆ. ಇಪ್ಪತ್ತನೆಯ ತಾರೀಖಿನ ವಿಜ್ಞಾನ ಪ್ರದರ್ಶನದಲ್ಲಿ ಘಟ್ಟದ ಮೇಲಿನವರು ಕಾಣದ ಏನಾದರೂ ತೋರಿಸಿ ವಿವರಿಸು, ಆಮೇಲೆ ನೋಡೋಣ ಎಂದಿದ್ದಾರಂತೆ. ಅದಕ್ಕೇ ಸಮುದ್ರದ ನೀರು ತುಂಬಿದ ಡಬ್ಬದಲ್ಲಿ ಒಂದು ಗಡಿಗೆ, ಗಡಿಗೆಯೊಳಗೆ ಒಂದು ಜೀವ.

"ಅಷ್ಟಪಾದ ಅಂತಾರ ದಾಜಿ. ಎಂಟ ಕಾಲ. ಕೊಲ್ಲಾಪುರದಾಗ ನನ್ನ ಖೋಲಿ ಮಾಲೀಕ ಬೆಕ್ಕ ಸೈತ ಇಡಗೊಡೂದಿಲ್ಲ. ಹನ್ನೊಂದ ದಿನ ನಿಮ್ಮಲ್ಲಿರ್ಲಿ."

ಹುಡುಗರಿಗೆ ಷಟ್ಪದಿ ಕಲಿಸಿ ಆಯುಷ್ಯ ಕಳೆದವನ ಮನೆಗೆ ಎರಡು ಪಾದ ಹೆಚ್ಚಾಗಿಯೇ ಬಂದವು.

ದೊಡ್ಡ ತಾಮ್ರದ ಹಂಡೆ ತಂದೆ. ಅಭಯ ಅಡ್ಡ ಬಂದ. "ತಾಮ್ರ ಬ್ಯಾಡ್ರಿ, ಅದಕ್ಕ ವಿಷಾ. ಅದರ ರಕ್ತದಾಗನ ತಾಮ್ರ ಐತಿ, ರಕ್ತ ನೀಲಿ ಇರತೈತಿ. ಖರೆ ಹೊರಗಿನ ತಾಮ್ರ ನಡೆಯೂದಿಲ್ಲ."

ಒಳಗಿದ್ದರೆ ರಕ್ತ, ಹೊರಗಿದ್ದರೆ ವಿಷ. ನೆಂಟಸ್ತನದ ಹಾಗೆಯೇ ಇದೆ. ಕಡೆಗೆ ದನ ಮಾರಿದ ಮೇಲೆ ಖಾಲಿ ಬಿದ್ದಿದ್ದ ಕಲ್ಲಿನ ಬಾನಿಯನ್ನು ತಿಕ್ಕಿ ತೊಳೆದು ಪಡಸಾಲೆಗೆ ತಂದು, ನೀರು ಸುರಿದು, ಗಡಿಗೆಯನ್ನು ಅಡ್ಡಡ್ಡ ಮಲಗಿಸಿದೆವು. ಪ್ರಾಣಿ ಹೊರಗೆ ಬರಲಿಲ್ಲ. ಗಡಿಗೆಯ ಬಾಯಲ್ಲಿ ಒಂದು ಕಣ್ಣು ಮಾತ್ರ ಕಂಡಿತು. ಬ್ಯಾಂಕಿನ ಗುಮಾಸ್ತನ ಕಣ್ಣು. ನಿಮಗೇನು ಬೇಕು ಎಂಬಂತೆ.

ಅಭಯ ಒಂದು ಕಾಗದದಲ್ಲಿ ನಿಯಮ ಬರೆದುಕೊಟ್ಟ. ದಿನ ಬಿಟ್ಟು ದಿನ ಮೋಟಾರಿನ ಕಂಡಕ್ಟರ ಮಲ್ಲಾರಿ ಸಮುದ್ರದ ನೀರು ತರುತ್ತಾನೆ. ನೀರು ತಂಪಾಗಿರಲಿ, ತಂಪು ನೀರಿನಲ್ಲಿ ಗಾಳಿ ಹೆಚ್ಚು ನಿಲ್ಲುತ್ತದೆ. ದಿನಕ್ಕೆ ಎರಡು ಜೀವಂತ ಏಡಿ ಹಾಕಬೇಕು.

ಕಡೆಯ ನಿಯಮಕ್ಕೆ ಜಿನಮತಿ ಒಳಗಿನಿಂದ ಬಂದಳು.

"ಅಭಯಾ, ನಾಳಿಂದ ಪರ್ವ. ನೀರ ಗಾಳಿಸಿ ಕುಡಿಯೂ ಮನಿಯಾಗ ಏಡಿ ಕೊಲ್ಲಂತೀಯೇನೋ?"

"ನೀ ಕೊಲ್ಲಬ್ಯಾಡಕ್ಕ. ಅದು ಕೊಲ್ತೈತಿ."

"ಅದು ಉಪವಾಸ ಇರ್ಲಿ. ಪುಣ್ಯ ಬರತೈತಿ."

ಗಾಜಿನ ತೊಟ್ಟಿ ಮಾಡಿಸಬೇಕೆಂದು ಅಭಯ ಅದೇ ಮೋಟಾರಿಗೆ ಕೊಲ್ಲಾಪುರಕ್ಕೆ ಓಡಿದ.

೧೦ ಸೆಪ್ಟೆಂಬರ್, ಶುಕ್ರವಾರ

ದಶಲಕ್ಷಣ ಪರ್ವದ ಮೊದಲ ದಿನ: ಉತ್ತಮ ಕ್ಷಮೆ. ಬಸದಿಯಲ್ಲಿ ಪಂಡಿತರು ಕ್ಷಮೆಯ ಮೇಲೆ ಒಂದು ತಾಸು ಹೇಳಿದರು. ಜಿನಮತಿಗೆ ಕಾಣಲಿ ಎಂದು ನಾನು ಜೋರಾಗಿ ತಲೆಯಾಡಿಸಿದೆ. ಹೆಂಗಸರ ಸಾಲಿನಿಂದ ಅವಳೂ ನನಗೆ ಕಾಣುವಂತೆ ತಲೆಯಾಡಿಸಿದಳು. ಇಬ್ಬರೂ ಒಬ್ಬರನ್ನೊಬ್ಬರು ಕ್ಷಮೆ ಕೇಳಲು ಒತ್ತಾಯಿಸಿ ಮನೆಗೆ ಬಂದೆವು.

ಬಂದು ನೋಡಿದರೆ ಪ್ರಾಣಿಯ ಮೈ ಚೀಲದ ಹಾಗೆ ಉಬ್ಬುತ್ತಿದೆ, ಕುಸಿಯುತ್ತಿದೆ, ಮತ್ತೆ ಉಬ್ಬುತ್ತಿದೆ. ಹೊಟ್ಟೆ ಹಸಿದಿದೆ ಎಂದೆ ನಾನು, ನನಗೇ. ಜಿನಮತಿ ಬಾನಿಯ ಪಕ್ಕ ಕೂತು ಬಹಳ ಹೊತ್ತು ನೋಡಿದಳು. ಆಮೇಲೆ ಕಂಬಕ್ಕೆ ಹೇಳಿದಳು:

"ಹಸಿವಿ ಅಲ್ಲ. ಉಬ್ಬಸ. ಎಷ್ಟ ಎಳಕೊಂಡ್ರೂ ಸಾಲವಲ್ದು ಅದಕ್ಕ."

ಒಳಗೆ ಹೋಗಿ ಒಲೆಯ ಊದುಗೊಳವೆ ತಂದು, ತೊಳೆದು, ನನ್ನ ಮುಂದೆ ಇಟ್ಟಳು. ತಾನು ಊದಲಾರಳು, ಒಲೆ ಊದುವುದೇ ಅವಳಿಗೆ ಕಷ್ಟ. ನಾನು ಗೊಳವೆಯ ತುದಿಯನ್ನು ನೀರಿಗೆ ಹಾಕಿ ಊದಿದೆ. ಗುಳುಗುಳು ಎಂದು ಗುಳ್ಳೆ ಎದ್ದವು. ಐವತ್ತು ಸಲ ಊದುವಷ್ಟರಲ್ಲಿ ಪಡಸಾಲೆ ತಿರುಗಿತು, ಕಣ್ಣಿಗೆ ಮಿಂಚುಹುಳ ಬಂದವು. ಗೋಡೆ ಹಿಡಿದು ಕೂತೆ.

ಜಿನಮತಿ ಗಡಿಗೆಯ ಕಡೆ ಬಾಗಿ ಅಂದಳು: "ನೋಡ ನಮ್ಮವ್ವ, ಐವತ್ತ ಊದಿದ್ರ ಕೆಲವ್ರಿಗೆ ಕಣ್ಣಿಗೆ ಕತ್ತಲಿ ಬರತೈತಿ. ಕೆಲವ್ರು ಹಂಗ ಇಪ್ಪತ್ತ ವರ್ಷ ಬಾಳೇವು ಮಾಡ್ಯಾರ."

ಇಂದಿನಿಂದ ಕಂಬಕ್ಕೆ ನಿವೃತ್ತಿ. ನನಗೆ ಹೇಳಬೇಕಾದ್ದೆಲ್ಲ ಇನ್ನು ಅಷ್ಟಪಾದದ ಮೂಲಕ ಬರುತ್ತದೆ.

ಸಂಜೆಯೊಳಗೆ ಪ್ರಾಣಿ ಸಾವರಿಸಿಕೊಂಡಿತು. ಆಗ ಅವಳೇ ಇನ್ನೊಂದು ಕಂಡುಹಿಡಿದಳು: ಅದರ ಕುತ್ತಿಗೆಯ ಸುತ್ತ ಅಂಗಿಯ ಕಾಲರಿನಂಥ ಸಂದು ಇದೆ, ನೀರು ಅಲ್ಲಿಂದ ಒಳಗೆ ಹೋಗಿ, ಪಕ್ಕದ ಸಣ್ಣ ನಳಿಗೆಯಿಂದ ಹೊರಗೆ ಬರುತ್ತದೆ. "ಇಕಿಗೂ ಒಂದ ಊದುಗೊಳವಿ ಐತಿ" ಎಂದಳು. ಅಭಯನ ಕಾಗದದಲ್ಲಿಯೂ ಹಾಗೆಯೇ ಇದೆ, ಅವನು ಬರೆಯಲು ಎಂಟು ಸಾಲು ತೆಗೆದುಕೊಂಡಿದ್ದಾನೆ.

೧೧ ಸೆಪ್ಟೆಂಬರ್, ಶನಿವಾರ

ಉತ್ತಮ ಮಾರ್ದವ, ಅಂದರೆ ಮೆತ್ತಗಿರುವುದು. ಮೈಯಲ್ಲಿ ಒಂದು ಮೂಳೆಯೂ ಇಲ್ಲದವರಿಗೆ ಇದನ್ನು ಬೋಧಿಸಬೇಕಿಲ್ಲ.

ಊದಿದ್ದು: ಬೆಳಿಗ್ಗೆ ಇನ್ನೂರು, ಸಂಜೆ ಇನ್ನೂರು.

ಪದ್ಯ ಶುರು ಮಾಡಿದೆ. ಅಷ್ಟಪಾದ, ಕಷ್ಟವಾದ, ದುಷ್ಟನಾದ, ನಷ್ಟವಾದ. ಐದನೆಯ ಸಾಲಿಗೆ ಇನ್ನೊಂದು ಬೇಕು. ಹೊಳೆಯಲಿಲ್ಲ.

೧೪ ಸೆಪ್ಟೆಂಬರ್, ಮಂಗಳವಾರ

ಉತ್ತಮ ಸತ್ಯದ ದಿನ. ಆದ್ದರಿಂದ ಎಲ್ಲವನ್ನೂ ಬರೆಯುತ್ತೇನೆ.

ಪ್ರಾಣಿ ಬಂದು ಐದು ದಿನ, ಒಂದು ತುತ್ತಿಲ್ಲ. ಸತ್ತರೆ ಅಭಯನ ನೌಕರಿಯೂ ಸತ್ತಂತೆ. ಜಿನಮತಿ ಬಸದಿಗೆ ಹೋದ ಹೊತ್ತು ನೋಡಿ, ಕಾಯಿಪಲ್ಲೆ ಮಾರುವ ಹೌಸಾಬಾಯಿಗೆ ಗುಟ್ಟಾಗಿ ಹೇಳಿದ್ದೆ. ಅವಳು ಮೆಂತೆ ಸೊಪ್ಪಿನ ಕೆಳಗೆ ಹೊಳೆಯ ಏಡಿ ಮುಚ್ಚಿಕೊಂಡು ಬಂದಳು.

"ಕಾಯ್ ಮಾಸ್ತರ, ಪರ್ವದಾಗ ಖೇಕಡಾ?"

"ಮನಿಗೆ ಪಾವ್ಣೇರು ಬಂದಾರ."

ಬಾನಿಗೆ ಇಣುಕಿ ನೋಡಿ, "ಪಾವ್ಣೇರ ಭಾಳ ಸೊಗಸ ಅದಾರ. ಹೆಂಡ್ತಿ ಕಡಿಯವ್ರೇನ್ರಿ?" ಎಂದಳು.

"ಹೌದು" ಎಂದೆ. ಇಲ್ಲಿಯತನಕ ಸತ್ಯ.

ಏಡಿಯನ್ನು ನೀರಿಗೆ ಬಿಟ್ಟೆ. ಅದು ಗಡಿಗೆಯ ಬಾಯಿಗೆ ಹೋಯಿತು. ಒಳಗಿನಿಂದ ನಳಿಗೆ ಹೊರಬಂದು ಫೂ ಎಂದು ನೀರು ಚಿಮ್ಮಿತು. ಏಡಿ ಉರುಳಿ ಮೂಲೆಗೆ ಬಿತ್ತು. ಮತ್ತೆ ಹೋಯಿತು, ಮತ್ತೆ ಫೂ. ಮೂರನೆಯ ಸಲಕ್ಕೆ ನನ್ನ ಹಿಂದೆ ಯಾರೋ ನಿಂತಂತಾಯಿತು.

ಜಿನಮತಿ ಬಯ್ಯಲಿಲ್ಲ, ಬಯ್ಯಬೇಕಾದರೆ ಮಾತಾಡಬೇಕಲ್ಲ. ಏಡಿಯನ್ನು ಚಿಮಟಿಗೆಯಿಂದ ಎತ್ತಿ ತಂಬಿಗೆಗೆ ಹಾಕಿದಳು. ತಂಬಿಗೆಯನ್ನೂ ಛತ್ರಿಯನ್ನೂ ನನ್ನ ಮುಂದೆ ಇಟ್ಟು, ಗಡಿಗೆಗೆ ಹೇಳಿದಳು:

"ಹಿರಣ್ಯಕೇಶಿ ಹೊಳಿ ಎಲ್ಲೈತಂತ ಕೆಲವ್ರಿಗೆ ಗೊತ್ತೈತ್ರೆವ್ವಾ. ನೀರ ಗಾಳಿಸಿದ ಮ್ಯಾಲೆ ಅರಿವ್ಯಾಗ ಉಳಿದ ಜೀವನ್ನ ಬಂದಲ್ಲೇ ಬಿಟ್ಟ ಬರಬೇಕು. ಶಾಸ್ತ್ರ ಐತಿ."

ಮಳೆಯಲ್ಲಿ ಹೊಳೆಗೆ ಹೊರಟೆ. ದಾರಿಯಲ್ಲಿ ನಮ್ಮ ಹೆಡ್‌ಮಾಸ್ತರರು ಸಿಕ್ಕರು. "ತಂಬಗ್ಯಾಗ ಏನ್ರಿ?" ಎಂದು ಕೇಳಿದರು. "ಮಜ್ಜಿಗಿ" ಎಂದೆ. ಮಜ್ಜಿಗೆ ತಂಬಿಗೆಯ ಕಂಠಕ್ಕೆ ಒಂದು ಕೊಂಡಿ ಹಾಕಿ ಹೊರಗೆ ನೋಡಿತು. ಅವರು ಮತ್ತೇನೂ ಕೇಳಲಿಲ್ಲ. ಮರ್ಯಾದಸ್ಥ ಮನುಷ್ಯ.

೧೫ ಸೆಪ್ಟೆಂಬರ್, ಬುಧವಾರ

ಪ್ರಾಣಿ ಏಡಿಯನ್ನು ಒಲ್ಲೆನೆಂದ ಸುದ್ದಿ ಬಸದಿಗೆ ಮುಟ್ಟಿದೆ. ಮಧ್ಯಾಹ್ನ ಹೆಂಗಸರ ತಂಡವೇ ಬಂತು. ನಿರಾಹಾರ, ಮೌನ, ಕೂತ ಜಾಗ ಬಿಟ್ಟು ಕದಲಿಲ್ಲ. ತಪಸ್ವಿನಿಯೇ ಸೈ ಎಂದು ಕೈ ಮುಗಿದರು. ಪಂಡಿತರೂ ಬಂದು ವಿಚಾರ ಮಾಡಿದರು. ಎಂಟು ಕಾಲು ಎಂದ ಮೇಲೆ ಜೇಡದ ಜಾತಿ. ಚರ್ಮ, ನಾಲಿಗೆ, ಮೂಗು, ಕಣ್ಣು, ಹೀಗೆ ನಾಲ್ಕೇ ಇಂದ್ರಿಯ. ಕಿವಿಯಿಲ್ಲ.

ಪಕ್ಕದ ಮನೆಯ ಸಾವಕ್ಕ ಅಂದಳು: "ಕೇಳಸೂದಿಲ್ಲ ಅಂದ್ರ ನಾಲ್ಕ ಇಂದ್ರಿಯ ಏನ್ರಿ? ಹಂಗಾರ ನಮ್ಮನಿಯವ್ರೂ ಅದ ಜಾತಿ."

ಹೆಂಗಸರೆಲ್ಲ ನಕ್ಕರು. ಜಿನಮತಿಯೂ ನಕ್ಕಳು. ನಗುವಾಗ ನನ್ನ ಕಡೆ ನೋಡಲಿಲ್ಲ, ಆದರೆ ನೋಡದಿರಲು ಸ್ವಲ್ಪ ಪ್ರಯತ್ನ ಬೇಕಾಯಿತೆಂದು ತೋರಿತು.

ಇವತ್ತು ಬರಬೇಕಾದ ನೀರಿನ ಮೋಟಾರು ಬರಲಿಲ್ಲ.

೧೬ ಸೆಪ್ಟೆಂಬರ್, ಗುರುವಾರ

ಅಂಬೋಲಿ ಘಟ್ಟದಲ್ಲಿ ಗುಡ್ಡ ಕುಸಿದಿದೆಯಂತೆ. ಬಾನಿಯ ನೀರು ಮೂರು ದಿನದ್ದು. ಶಾಲೆಗೆ ರಜೆ ಚೀಟಿ ಕಳಿಸಿದೆ. ಕಾರಣದಲ್ಲಿ "ಮನೆಯಲ್ಲಿ ಉಬ್ಬಸ" ಎಂದು ಬರೆದೆ.

ಬಾನಿಯ ಸುತ್ತ ಒದ್ದೆ ಗೋಣಿಚೀಲ ಕಟ್ಟಿದ್ದೇನೆ. ಊದುತ್ತೇನೆ, ಕೂರುತ್ತೇನೆ, ಊದುತ್ತೇನೆ. ಸರಿಯಾಗಿ ಊದದ ಒಲೆಯ ಹೊಗೆ ಬಾನಿಯ ಕಡೆ ಬರುತ್ತಿತ್ತು. ಆದ್ದರಿಂದ ಒಲೆಯನ್ನು ನಾನೇ ಹಚ್ಚಿದೆ, ಪರ್ವದ ಒಪ್ಪೊತ್ತಿನ ಊಟ, ಅನ್ನ ಸಾರು ನನ್ನಿಂದಲೂ ಆಗುತ್ತದೆ. ಊದುಗೊಳವೆ ಹೇಗೂ ನನ್ನ ಕೈಯಲ್ಲೇ ಇತ್ತು. ಜಿನಮತಿ ಹೊರಗೆ ಬಾನಿಯ ಪಕ್ಕ ಕೂತಳು. ಸಾರಿಗೆ ಉಪ್ಪು ಎರಡು ಸಲ ಬಿತ್ತು. "ಸಮುದ್ರದ ನೀರ ಬರಲಿಲ್ಲಂತ ಕೆಲವ್ರು ಇಲ್ಲೇ ತಯಾರ ಮಾಡ್ಯಾರವ್ವಾ" ಎಂದು ಗಡಿಗೆಗೆ ಹೇಳಿ, ಪೂರ್ತಿ ಉಂಡಳು.

ಪ್ರಾಣಿಯ ಉಸಿರು ನಿಮಿಷಕ್ಕೆ ಮೂವತ್ತೆಂಟು. ಜಿನಮತಿಯದು ಮುಂಜಾನೆ ಇಪ್ಪತ್ತಾರು, ಸಂಜೆ ಇಪ್ಪತ್ತು. ಅವಳದನ್ನು ಯಾಕೆ ಎಣಿಸಿದೆನೋ. ಗಡಿಯಾರ ಕೈಯಲ್ಲೇ ಇತ್ತು.

೧೭ ಸೆಪ್ಟೆಂಬರ್

ಊದಿದೆ.

೧೮ ಸೆಪ್ಟೆಂಬರ್, ಶನಿವಾರ

ಬೆಳಿಗ್ಗೆ ಪ್ರಾಣಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಉಸಿರು ನಿಮಿಷಕ್ಕೆ ಐವತ್ತು ದಾಟಿ, ಆಮೇಲೆ ಹನ್ನೆರಡಕ್ಕೆ ಇಳಿಯಿತು. ಹನ್ನೆರಡು ಐವತ್ತಕ್ಕಿಂತ ಕೆಟ್ಟದ್ದು. ನನ್ನ ತುಟಿ ಒಡೆದಿತ್ತು. ಜಿನಮತಿ ತುಪ್ಪದ ಬಟ್ಟಲು ತಂದು ಊದುಗೊಳವೆಯ ಪಕ್ಕದಲ್ಲಿ ಇಟ್ಟಳು.

ಹನ್ನೊಂದಕ್ಕೆ ಮೋಟಾರಿನ ಭೋಂ ಕೇಳಿತು. ಮಲ್ಲಾರಿ ಎಂಟು ಡಬ್ಬ ನೀರು ಇಳಿಸಿದ. "ಮಾಸ್ತರ, ಮಂದಿಗೆ ಕೂಡಾಕ ಜಾಗಾ ಇಲ್ಲ, ನಿಮ್ಮ ಸಮುದ್ರ ಸೀಟಿನ್ಯಾಗ ಕುಂತ ಬಂದೈತಿ. ಘಟ್ಟದಾಗ ಎರಡ ತಾಸ ಮಣ್ಣ ಹೊತ್ತೇನಿ."

ನೀರು ಬದಲಿಸಿದ ಅರ್ಧ ತಾಸಿಗೆ ಮೈ ಕೆಂಪಗೆ ತಿರುಗಿತು. ಕಣ್ಣು ಮತ್ತೆ ಗುಮಾಸ್ತನ ಕಣ್ಣಾಯಿತು. ನಾನು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತೆ. ಕಣ್ಣಿಗೆ ಉಪ್ಪುನೀರು ಸಿಡಿದಿತ್ತು.

೧೯ ಸೆಪ್ಟೆಂಬರ್, ರವಿವಾರ

ಪರ್ವದ ಕಡೆಯ ದಿನ, ಉತ್ತಮ ಬ್ರಹ್ಮಚರ್ಯ. ತಪಸ್ವಿನಿಯ ಗಡಿಗೆಯಲ್ಲಿ ಇಂದೇ ಸಾವಿರಾರು ಮೊಟ್ಟೆ ಸಿಕ್ಕವು.

ಅಭಯ ಗಾಜಿನ ತೊಟ್ಟಿಯೊಂದಿಗೆ ಬಂದಿದ್ದ. ಪ್ರಾಣಿಯನ್ನು ಹೊರಗೆ ತೆಗೆಯಲೆಂದು ಗಡಿಗೆಯನ್ನು ಬಿಸಿಲಿಗೆ ತಿರುಗಿಸಿ ಇಣುಕಿದವನು ಹಾಗೇ ನಿಂತ. ನಾವೂ ನೋಡಿದೆವು. ಗಡಿಗೆಯ ಒಳಮೈಗೆ ಸಾಬೂದಾಣಿಗಿಂತ ಸಣ್ಣ ಬಿಳಿಯ ಮಣಿಗಳ ಎಳೆಗಳು, ಮಲ್ಲಿಗೆ ದಂಡೆ ಇಳಿಬಿಟ್ಟ ಹಾಗೆ. ತಪಸ್ವಿನಿ ತನ್ನ ನಳಿಗೆಯಿಂದ ಅವುಗಳ ಮೇಲೆ ಮೆಲ್ಲಗೆ ನೀರು ಊದುತ್ತಿದ್ದಳು. ಎಳೆಗಳು ಓಲಾಡುತ್ತಿದ್ದವು.

"ಅದಕ್ಕ ಉಣ್ಣವಲ್ದು," ಎಂದ ಅಭಯ. "ಮೊಟ್ಟಿ ಇಟ್ಟ ಮ್ಯಾಲೆ ಮರಿ ಹೊರಗ ಬರೂ ತನಕ ತಾಯಿ ಉಣ್ಣೂದಿ‍ಲ್ಲ, ಜಾಗಾ ಬಿಡೂದಿಲ್ಲ. ಮೊಟ್ಟಿಗೂ ಗಾಳಿ ಬೇಕಲ್ಲಕ್ಕ, ಅದಕ್ಕ ಊದ್ತಾಳ."

"ಮರಿ ಬಂದ ಮ್ಯಾಲೆ?"

"ಆಕಿ ಉಳಿಯೂದಿಲ್ಲ."

ಜಿನಮತಿ ಬಾನಿಯ ಅಂಚು ಹಿಡಿದು ಕೂತಳು. ಅಭಯ ವಾತಾವರಣ ತಿಳಿಮಾಡಲು ಹೇಳಿದ: ಇದಕ್ಕೆ ಮೂರು ಹೃದಯ. ಎರಡು ಉಸಿರಿನ ಕಿವಿರುಗಳಿಗೆ, ಒಂದು ಮೈಗೆ. ಜೋರಾಗಿ ಈಜಿದರೆ ಮೈಯ ಹೃದಯ ನಿಂತುಬಿಡುತ್ತದೆ. ಅದಕ್ಕೇ ಈಜುವುದಕ್ಕಿಂತ ನಡೆಯುವುದೇ ಹೆಚ್ಚು.

"ನನ್ನಂಗ" ಎಂದಳು ಜಿನಮತಿ. ಆಮೇಲೆ, "ಅಭಯಾ, ಆಕೀನ್ನ ಗಾಜಿಗೆ ಹಾಕಬ್ಯಾಡ. ಕಾವಿಗೆ ಕುಂತಾಕೀನ್ನ ಮಂದಿ ಮುಂದ ಇಟ್ಟ ನಗಸ್ತೀಯೇನು?"

"ಅಕ್ಕಾ, ನನ್ನ ನೌಕರಿ..."

"ಇದು ಕೊಲ್ಲಾಪುರಕ್ಕ ಹೋಗೂದಿಲ್ಲ."

ಯಾರು ಹೇಳಿದರೆಂದು ತಿರುಗಿ ನೋಡಿದೆ. ಹಿಂದೆ ಕಂಬ ಒಂದೇ ಇತ್ತು. ಹೇಳಿದವನು ನಾನೇ ಇರಬೇಕು.

ಅಭಯನ ಮುಖ ನೋಡಲಾಗಲಿಲ್ಲ. ಅವನ ಕೈಗೆ ಊದುಗೊಳವೆ ಕೊಟ್ಟೆ. ಗಾಜಿನ ತೊಟ್ಟಿಗೆ ನೀರು ತುಂಬು, ಊದಿ ತೋರಿಸು, ಒಂದು ಕಡೆಯಿಂದ ಒಳಗೆ, ಒಂದು ಕಡೆಯಿಂದ ಹೊರಗೆ ಎಂದು ಹೇಳು. ನಾಲ್ಕು ನೂರು ಊದಿದರೆ ಮನುಷ್ಯನಿಗೆ ಏನಾಗುತ್ತದೆ ಎಂಬುದನ್ನೂ ಹೇಳು, ಅದು ನಿನ್ನ ಪುಸ್ತಕದಲ್ಲಿಲ್ಲ. ಒಲ್ಲದ ಮನಸ್ಸಿನಿಂದ ತೆಗೆದುಕೊಂಡು ಹೋದ.

೨೧ ಸೆಪ್ಟೆಂಬರ್, ಮಂಗಳವಾರ, ವೆಂಗುರ್ಲೆ

ಇಂದು ಕ್ಷಮಾವಣಿ. ವರ್ಷದ ತಪ್ಪುಗಳಿಗೆ ಎಲ್ಲರೂ ಎಲ್ಲರ ಕ್ಷಮೆ ಕೇಳುವ ದಿನ. ನಸುಕಿನಲ್ಲಿ ಮೋಟಾರು ಹಿಡಿಯುವ ಮೊದಲೇ ಪಂಡಿತರು, ಸಾವಕ್ಕ, ಹೆಡ್‌ಮಾಸ್ತರರು ಎಲ್ಲರದೂ ಮುಗಿಸಿದೆ. "ಮಜ್ಜಿಗಿ ವಿಷಯ" ಎಂದೆ ಹೆಡ್‌ಮಾಸ್ತರರಿಗೆ. "ಹುಳಿ ಇದ್ದೀತು" ಎಂದರು.

ಅಭಯನ ಚೀಟಿ ಮಲ್ಲಾರಿಯ ಕೈಯಲ್ಲಿ ಬಂದಿತ್ತು: "ಊದಿ ತೋರಿಸಿದೆ. ತಲೆ ತಿರುಗಿ ಕುರ್ಚಿಯ ಮೇಲೆ ಕೂತೆ. ಸಭೆ ನಕ್ಕಿತು, ಪ್ರಿನ್ಸಿಪಾಲರೂ ಎದ್ದು ಬಂದು ಒಂದು ಸಲ ಊದಿದರು. ಆರು ತಿಂಗಳು ನೋಡುತ್ತಾರಂತೆ. ಊದುಗೊಳವೆಯನ್ನು ಕಾಲೇಜಿನವರು ಇಟ್ಟುಕೊಂಡಿದ್ದಾರೆ, ಅಕ್ಕನಿಗೆ ಹೇಳಬೇಡಿ."

ಹೇಳಬೇಡಿ ಎಂದರೆ, ಹೇಳುವುದಾದರೂ ಹೇಗೆ. ಬಂದಲ್ಲೇ ಬಿಟ್ಟು ಬರಬೇಕೆಂಬ ಶಾಸ್ತ್ರದಂತೆ ಹೊರಟಿದ್ದೆವು; ಘಟ್ಟ ಇಳಿಯುವಾಗ ಗಡಿಗೆಯಿದ್ದ ಡಬ್ಬ ನಮ್ಮಿಬ್ಬರ ನಡುವೆ ಸೀಟಿನ ಮೇಲಿತ್ತು. ನಾನು ಪಪ್ಪಾಯಿ ಎಲೆಯ ದೇಟಿನಿಂದ ಊದುತ್ತ ಬಂದೆ. ಅವಳು ತಿರುವುಗಳಲ್ಲಿ ಡಬ್ಬವನ್ನು ಹಿಡಿದಳು. ಊದದಿದ್ದಾಗ ಮನಸ್ಸಿನಲ್ಲಿ ಕ್ಷಮೆಯ ಒಡಪು ಕಟ್ಟಿದೆ. ಕ್ಷಮೆ, ಮಮೆ, ತಮೆ. ನಾಲ್ಕು ಸಲ ಕಟ್ಟಿ ನಾಲ್ಕು ಸಲ ಬಿಚ್ಚಿದೆ. ಆಜರೆಯಿಂದ ಸಾವಂತವಾಡಿಯ ತನಕ ಕನ್ನಡದಲ್ಲಿ ಪ್ರಾಸವೇ ಉಳಿಯಲಿಲ್ಲ.

ಮೀನುಗಾರನೊಬ್ಬ ತೋರಿಸಿದ ಕಲ್ಲುಸಂದಿಗೆ, ಇಳಿತದ ಹೊತ್ತಿನಲ್ಲಿ, ತೊಡೆಮಟ್ಟ ನೀರಿಗಿಳಿದು ಗಡಿಗೆಯನ್ನು ಕೂರಿಸಿದೆ. ಗಡಿಗೆಯೊಳಗಿನವಳು ನನ್ನ ಕೈಯ ಮೇಲೆ ಒಂದು ಸಲ ಫೂ ಎಂದು ನೀರು ಊದಿದಳು. ಬೀಳ್ಕೊಡುಗೆಯೋ, ಏಡಿಯೆಂದು ತಿಳಿದಳೋ. ತಿರುಗಿದರೆ ಜಿನಮತಿಯೂ ಸೀರೆ ಎತ್ತಿಕೊಂಡು ಮೊಣಕಾಲು ನೀರಿನಲ್ಲಿ ನಿಂತಿದ್ದಳು.

"ತೊಟ್ಟಿಲ ಕಾರ್ಯದಾಗ ನಾ ಹಂಗ ಅನ್ನಬಾರದಿತ್ತು," ಎಂದೆ. "ತಪ್ಪಾತು."

ತೆರೆ ಬಂದು ಹೋಯಿತು. ಇನ್ನೊಂದು ಬಂತು.

"ಧೋತ್ರ ಎತ್ತಿ ಹಿಡೀರಿ," ಎಂದಳು. "ತೊಯ್ಸಾಕತ್ತೀರಿ."

ಸುತ್ತ ನೋಡಿದೆ. ಕಂಬವಿರಲಿಲ್ಲ, ಗಡಿಗೆ ನೀರೊಳಗಿತ್ತು. ಮೂವತ್ತು ದಿನ.

ಮೋಟಾರ ಸ್ಟ್ಯಾಂಡಿನಲ್ಲಿ ಮಲ್ಲಾರಿ ಪುಸ್ತಕ ಹಿಡಿದು ನಿಂತಿದ್ದ. ಗುಡ್ಡ ಕುಸಿದ ಮೇಲೆ ಘಟ್ಟ ಹತ್ತುವವರ ಹೆಸರು ಬರೆದುಕೊಳ್ಳಬೇಕೆಂದು ಹುಕುಮಾಗಿದೆಯಂತೆ. ನನ್ನ ಹೆಸರು ಅವನಿಗೆ ಹತ್ತು ವರ್ಷದಿಂದ ಗೊತ್ತು. ಆದರೂ ಜಿನಮತಿಯನ್ನೇ ಕೇಳಿದ: "ವೈನಿ, ಯಜಮಾನ್ರ ಹೆಸರೇನ್ರಿ? ಹೇಳೂ ತನಕ ಗಾಡಿ ಬಿಡೂದಿಲ್ಲ." ಒಳಗಿದ್ದವರೆಲ್ಲ ಕಿಟಕಿಯಿಂದ ತಲೆ ಹಾಕಿದರು.

ಜಿನಮತಿ ಸೆರಗು ಸರಿಮಾಡಿಕೊಂಡು, ಉಸಿರು ಎಳೆದುಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದಳು:

ಎಂಟ ಕಾಲಿನ ತಾಯಿಗೆ ಮೂರ ಹೃದಯ ಅಂತ,
ಜಿನಗೊಂಡ್ರಿಗೆ ಒಂದೈತಿ, ಅದೂ ತಡಾ ಮಾಡಿ ಬಂತ.

ಮೋಟಾರೆಲ್ಲ ನಕ್ಕಿತು. "ಬಂತಲ್ಲ, ಸಾಕ್ರಿ. ಹತ್ರಿ" ಎಂದು ಮಲ್ಲಾರಿ ಬಾಗಿಲು ತೆರೆದ.

ಎರಡನೆಯ ಸಾಲಿನಲ್ಲಿ ಮೂರು ಮಾತ್ರೆ ಹೆಚ್ಚಾಗಿವೆ. ತಿದ್ದಲಿಲ್ಲ.